ದಿವಾಳಿ ಅಂದ್ರೆ ಸಾಲ ಮಾಫಿಯೇ? ಶಿಕ್ಷಣ ಸಾಲ ಹೊತ್ತವರು ತಿಳಿಯಬೇಕಾದದ್ದು

ಒಂದು ರಾತ್ರಿ ಇಶಾ ನಮಾಝ್ ಮುಗಿದ ಹೊತ್ತಿಗೆ ಫೋನು ಬಂತು. ನಾನು ಹತ್ತನೇ ತರಗತಿಯಲ್ಲಿ ಕಲಿಸಿದ ವಿಜಯಪುರದ ಹುಡುಗ. ಇಂಜಿನಿಯರಿಂಗ್ ಮುಗಿಸಿ ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಕೆಲಸಕ್ಕಿದ್ದಾನೆ ಅಂತಷ್ಟೇ ನನಗೆ ಗೊತ್ತಿತ್ತು. ಸಲಾಮ್ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಟೀಚರ್, ದಿವಾಳಿ ಅಂತ ಕೋರ್ಟಿನ್ಯಾಗ ಬರಕೊಟ್ರ ಸಾಲ ಮಾಫ್ ಆಗ್ತದಂತ. ಖರೇನಾ?"

ರೂಮಿನ ಗೆಳೆಯನೊಬ್ಬ ಮೊಬೈಲಿನಲ್ಲಿ ಅಮೆರಿಕದ ಯಾವುದೋ ವಿಡಿಯೊ ತೋರಿಸಿದ್ದನಂತೆ. ಇವನ ಗುತ್ತಿಗೆ ಕೆಲಸ ನಿಂತು ಐದು ತಿಂಗಳಾಗಿತ್ತು. ಮೂರು ಕಂತು ತಪ್ಪಿದ್ದವು. ಬ್ಯಾಂಕಿನ ನೋಟಿಸು ವಿಜಯಪುರದ ಮನೆಗೆ ಹೋಗಿತ್ತು, ಅದೂ ಅವನ ಅಬ್ಬಾನ ಹೆಸರಿಗೆ. ಅಬ್ಬಾ ಏನೂ ಬೈದಿರಲಿಲ್ಲವಂತೆ. "ಬೈದಿದ್ರ ಚಲೋ ಇತ್ತು ಟೀಚರ್" ಅಂದ.

ನಾನು ಕಾನೂನು ಓದಿದವಳಲ್ಲ, ಬಿ.ಎಡ್. ಮಾಡಿದ ಶಿಕ್ಷಕಿ. ಆ ರಾತ್ರಿ ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಕಾನೂನಿನ ಪುಸ್ತಕ ತೆಗೆದು, ವಕೀಲರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಶಿಕ್ಷಣ ಸಾಲ ಇರಬಹುದು. ನಿಮ್ಮ ತಮ್ಮನೋ ಮಗಳೋ ಇದೇ ಪ್ರಶ್ನೆಯನ್ನು ಯಾರನ್ನೂ ಕೇಳಲಾಗದೆ ಒಳಗೇ ಇಟ್ಟುಕೊಂಡಿರಬಹುದು.

ದಿವಾಳಿ ಎಂಬ ಮಾತು

ಮೊದಲು ಆ ಶಬ್ದಕ್ಕೆ ಅಂಟಿರುವ ನಾಚಿಕೆಯನ್ನು ಸ್ವಲ್ಪ ಸರಿಸಿ ನೋಡೋಣ. ಕನ್ನಡದಲ್ಲಿ ದಿವಾಳಿ, ಉರ್ದುವಿನಲ್ಲಿ ದಿವಾಲಿಯಾ, ತಳೇಗಾಂವದ ಮರಾಠಿಯಲ್ಲಿ ದಿವಾಳಖೋರಿ. ಮೂರೂ ಕಡೆ ಅದು ಬೈಗುಳವೇ. ಹಿಂದೆ ಸಾಲ ತೀರಿಸಲಾಗದ ವ್ಯಾಪಾರಿ ತನ್ನ ಅಂಗಡಿಯಲ್ಲಿ ಹಗಲು ಹೊತ್ತಿನಲ್ಲೇ ದೀಪ ಹಚ್ಚಿಟ್ಟು ಊರಿಗೆ ಸಾರುತ್ತಿದ್ದ, ಅದರಿಂದ ಈ ಮಾತು ಬಂತು ಅಂತ ಹೇಳುತ್ತಾರೆ. ಅರಬಿಯಲ್ಲಿ ಇದಕ್ಕೆ ಇಫ್ಲಾಸ್ ಎನ್ನುತ್ತಾರೆ, ಆ ಸ್ಥಿತಿಗೆ ಬಂದವನು ಮುಫ್ಲಿಸ್. ಫಲ್ಸ್ ಅಂದರೆ ತಾಮ್ರದ ಚಿಲ್ಲರೆ ಕಾಸು. ಬೆಳ್ಳಿ ನಾಣ್ಯ ಎಣಿಸುತ್ತಿದ್ದವನ ಕೈಯಲ್ಲಿ ಕಾಸಷ್ಟೇ ಉಳಿಯಿತು ಅನ್ನುವುದು ಅದರ ಮೂಲ ಅರ್ಥ. ಅದರಲ್ಲಿ ಮೋಸದ ವಾಸನೆ ಇಲ್ಲ, ಇರುವುದು ಇಳಿತದ ಮಾತಷ್ಟೇ.

ಕಾನೂನಿನಲ್ಲೂ ಹಾಗೆಯೇ. ದಿವಾಳಿ ಅಂದರೆ ಸಾಲಗಾರ ಕೋರ್ಟಿಗೆ ಹೋಗಿ, "ನನ್ನ ಹತ್ತಿರ ಇರೋದು ಇಷ್ಟು, ಕೊಡಬೇಕಾದದ್ದು ಇಷ್ಟು, ತೀರಿಸಲು ಆಗುತ್ತಿಲ್ಲ" ಅಂತ ಬಿಚ್ಚಿ ಹೇಳುವುದು. ಕೋರ್ಟು ಒಪ್ಪಿದರೆ ಇದ್ದ ಆಸ್ತಿಯನ್ನು ತನ್ನ ಕೈಗೆ ತೆಗೆದುಕೊಂಡು ಸಾಲಗಾರರಿಗೆಲ್ಲ ಪಾಲು ಹಂಚುತ್ತದೆ. ಕೊನೆಗೆ ಉಳಿದ ಬಾಕಿಯಿಂದ ಅವನಿಗೆ ಬಿಡುಗಡೆಯ ಆದೇಶ ಕೊಡಬಹುದು. ಎರಡನೇ ಅವಕಾಶ ಅನ್ನುವುದು ಆ ಕೊನೆಯ ಹೆಜ್ಜೆ. ಬಿಡುಗಡೆ ಇಲ್ಲದಿದ್ದರೆ ಅದು ಬರೀ ಹರಾಜು.

ನಮ್ಮಲ್ಲಿ ಯಾವ ಕಾನೂನು ನಡೆಯುತ್ತದೆ

ಇಲ್ಲಿ ಎರಡು ಕಾನೂನುಗಳ ನಡುವೆ ಗೊಂದಲ ಇದೆ. ಬೇರೆ ಬೇರೆ ಮಾಡಿ ಹೇಳುತ್ತೇನೆ.

ಒಂದು, ಬ್ರಿಟಿಷರ ಕಾಲದ್ದು. ಕಲ್ಕತ್ತಾ, ಬೊಂಬಾಯಿ, ಮದ್ರಾಸು ನಗರಗಳಿಗೆ 1909ರ ಪ್ರೆಸಿಡೆನ್ಸಿ ಟೌನ್ಸ್ ಇನ್ಸಾಲ್ವೆನ್ಸಿ ಕಾಯ್ದೆ, ಪುಣೆಯಂಥ ಹೊರಗಿನ ಜಿಲ್ಲೆಗಳಿಗೆ 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಕಾಯ್ದೆ. ಈ ಎರಡನೆಯದರಲ್ಲಿ ಸಾಲ 500 ರೂಪಾಯಿ ಮುಟ್ಟಿದರೆ ಸಾಲಗಾರ ತಾನೇ ಅರ್ಜಿ ಹಾಕಬಹುದು. 1920ರಲ್ಲಿ ಐನೂರು ದೊಡ್ಡ ಮೊತ್ತ, ಈಗ ಅದು ಮೊಬೈಲ್ ರೀಚಾರ್ಜಿನ ಲೆಕ್ಕ. ಕಾಯ್ದೆಯಲ್ಲಿ ಇನ್ನೂ ಆಣೆಯ ಭಾಷೆಯೇ ಇದೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟೂ ಸಾಲ ತೀರದಿದ್ದರೆ ಕೋರ್ಟು ಪೂರ್ಣ ಬಿಡುಗಡೆ ಕೊಡುವುದಿಲ್ಲ. ಆದರೆ ತನ್ನ ತಪ್ಪಿಲ್ಲದ ಕಾರಣದಿಂದ ಹೀಗಾಯಿತು ಅಂತ ಸಾಲಗಾರ ಮನವರಿಕೆ ಮಾಡಿಕೊಟ್ಟರೆ ಈ ಅಡ್ಡಿ ಇರುವುದಿಲ್ಲ.

ಎರಡು, 2016ರ ದಿವಾಳಿ ಸಂಹಿತೆ. ಪತ್ರಿಕೆಗಳಲ್ಲಿ ಐಬಿಸಿ ಅಂತ ಓದಿರುತ್ತೀರಿ. ಮುಳುಗಿದ ದೊಡ್ಡ ಕಂಪನಿಗಳ ಸುದ್ದಿಯಲ್ಲಿ ಬರುವುದು ಇದೇ. ಇದರ ಮೂರನೇ ಭಾಗ ನಿಮ್ಮ ನಮ್ಮಂಥ ವ್ಯಕ್ತಿಗಳಿಗಾಗಿ ಬರೆದದ್ದು. ಅದರಲ್ಲಿ ತೀರಾ ಬಡವರಿಗೆ 'ಫ್ರೆಶ್ ಸ್ಟಾರ್ಟ್', ಅಂದರೆ ಹೊಸ ಆರಂಭ, ಅಂತ ಒಂದು ದಾರಿ ಇಟ್ಟಿದ್ದಾರೆ. ವರ್ಷದ ಆದಾಯ 60,000 ಮೀರಿರಬಾರದು, ಆಸ್ತಿ 20,000 ಮೀರಿರಬಾರದು, ಸಾಲ 35,000 ಮೀರಿರಬಾರದು, ಸ್ವಂತ ಮನೆ ಇರಬಾರದು. ಉಳಿದವರಿಗೆ ಸಾಲ ತೀರಿಸುವ ಯೋಜನೆ ಮಾಡಿಕೊಳ್ಳುವ ದಾರಿ, ಅದೂ ಆಗದಿದ್ದರೆ ದಿವಾಳಿ ಮತ್ತು ಬಿಡುಗಡೆ.

ಓದಲು ಚೆನ್ನಾಗಿದೆ. ಆದರೆ ಕಂಪನಿಗಳ ಭಾಗ 2016ರ ಡಿಸೆಂಬರಿನಲ್ಲೇ ಜಾರಿಗೆ ಬಂದರೆ, ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಒಂದೇ ಗುಂಪಿಗೆ ಜಾರಿಯಾಯಿತು: ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ. ಸಾಮಾನ್ಯ ನೌಕರ, ಗುತ್ತಿಗೆ ಕೆಲಸಗಾರ, ವಿದ್ಯಾರ್ಥಿ, ಇವರಿಗೆ ಆ ಬಾಗಿಲು ತೆರೆದಿಲ್ಲ. ಹಾಗಾಗಿ ಹಳೆಯ ಕಾಯ್ದೆಗಳೂ ಪೂರ್ತಿ ರದ್ದಾಗದೆ ಉಳಿದಿವೆ. ತಳೇಗಾಂವದಲ್ಲಿರುವ ನಮ್ಮ ಹುಡುಗ ಇವತ್ತು ದಿವಾಳಿ ಅರ್ಜಿ ಹಾಕಬೇಕೆಂದರೆ ನೂರು ವರ್ಷ ದಾಟಿದ 1920ರ ಕಾಯ್ದೆ ಹಿಡಿದು ಪುಣೆಯ ಜಿಲ್ಲಾ ನ್ಯಾಯಾಲಯದ ಕಡೆ ನೋಡಬೇಕು.

ಶಿಕ್ಷಣ ಸಾಲಕ್ಕೆ ಬೇರೆಯೇ ಬೇಲಿ

ಈಗ ನಿಜವಾದ ಗಂಟಿಗೆ ಬರೋಣ. 2016ರ ಸಂಹಿತೆಯ 79ನೇ ಕಲಮಿನಲ್ಲಿ 'ಹೊರಗಿಟ್ಟ ಸಾಲ'ಗಳ ಪಟ್ಟಿ ಇದೆ. ಕೋರ್ಟು ಹಾಕಿದ ದಂಡ. ನಿರ್ಲಕ್ಷ್ಯದಿಂದಲೋ ಕರಾರು ಮುರಿದೋ ಕೊಡಬೇಕಾದ ಪರಿಹಾರ. ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ. ಇವುಗಳ ಪಕ್ಕದಲ್ಲೇ ಶಿಕ್ಷಣ ಸಾಲ. ಮುಂದೆ ಎಂದಾದರೂ ಈ ಭಾಗ ಎಲ್ಲರಿಗೂ ಜಾರಿಗೆ ಬಂದರೂ ಹೊಸ ಆರಂಭದಲ್ಲಿ ಶಿಕ್ಷಣ ಸಾಲ ಸೇರುವುದಿಲ್ಲ, ತೀರಿಸುವ ಯೋಜನೆಯ ಅರ್ಜಿಯಲ್ಲೂ ಸೇರುವುದಿಲ್ಲ. ದಿವಾಳಿಯಾಗಿ ಬಿಡುಗಡೆ ಸಿಕ್ಕರೂ ಅದೊಂದು ಸಾಲ ಹೆಗಲ ಮೇಲೆ ಹಾಗೇ ಉಳಿಯುತ್ತದೆ.

ಹಳೆಯ 1920ರ ಕಾಯ್ದೆಯ ಹೊರಗಿಡುವ ಪಟ್ಟಿಯಲ್ಲಿ ಶಿಕ್ಷಣ ಸಾಲದ ಹೆಸರಿಲ್ಲ. ಸರ್ಕಾರಕ್ಕೆ ಸಲ್ಲಬೇಕಾದದ್ದು, ಮೋಸದಿಂದ ಮಾಡಿದ ಸಾಲ, ಜೀವನಾಂಶ, ಇಂಥವು ಇವೆ. ಆಗ ಶಿಕ್ಷಣ ಸಾಲ ಎಂಬುದೇ ಇರಲಿಲ್ಲವಲ್ಲ. ಅಂದರೆ ಹಳೆಯ ಕಾನೂನು ತಿಳಿಯದೆ ತೆರೆದಿಟ್ಟ ಕಿಂಡಿಯನ್ನು ಹೊಸ ಕಾನೂನು ತಿಳಿದೇ ಮುಚ್ಚಿದೆ.

ಹಾಗಾದರೆ ಆ ಕಿಂಡಿಯಿಂದ ಈಗಲೇ ನುಸುಳಬಹುದೇ? ನುಸುಳುವ ಮೊದಲು ಇನ್ನೊಂದು ವಿಷಯ ನೋಡಿ. ನಮ್ಮಲ್ಲಿ ಶಿಕ್ಷಣ ಸಾಲದ ಪತ್ರಕ್ಕೆ ವಿದ್ಯಾರ್ಥಿ ಒಬ್ಬನೇ ಸಹಿ ಮಾಡುವುದಿಲ್ಲ, ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಸಹಿ ಮಾಡುತ್ತಾರೆ. 1920ರ ಕಾಯ್ದೆಯ 44ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ದಿವಾಳಿಯಾದವನಿಗೆ ಸಿಕ್ಕ ಬಿಡುಗಡೆ ಅವನ ಜೊತೆ ಸಹಿ ಹಾಕಿದವರಿಗಾಗಲಿ ಜಾಮೀನುದಾರರಿಗಾಗಲಿ ಅನ್ವಯಿಸುವುದಿಲ್ಲ. ಮಗ ಕೋರ್ಟಿನಿಂದ ಬಿಡುಗಡೆ ಪಡೆದು ಹೊರಬಂದ ದಿನ ಬ್ಯಾಂಕು ಪೂರ್ತಿ ಬಾಕಿಯನ್ನು ಅಬ್ಬಾನ ಹತ್ತಿರ ಕೇಳಬಹುದು. ಆ ನೋಟಿಸು ಯಾಕೆ ವಿಜಯಪುರಕ್ಕೆ ಹೋಯಿತು ಅಂತ ಈಗ ತಿಳಿಯಿತಲ್ಲ.

ದಿವಾಳಿ ಅಂತ ಘೋಷಣೆಯಾಗಿ ಇನ್ನೂ ಬಿಡುಗಡೆ ಸಿಗದವನ ಮೇಲೆ ಕಟ್ಟುಪಾಡುಗಳೂ ಇವೆ. ಚುನಾವಣೆಗೆ ನಿಲ್ಲಲು ಅನರ್ಹತೆ. ತಾನು ದಿವಾಳಿ ಅಂತ ಹೇಳದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಶಿಕ್ಷೆ. ಇದೆಲ್ಲ ತಿಳಿದ ಮೇಲೂ ಬೇರೆ ಬೇರೆ ಕಡೆಯ ಸಾಲ ಸೇರಿ ಉಸಿರು ಕಟ್ಟಿದವರಿಗೆ ಈ ಅರ್ಜಿ ಉಪಯೋಗಕ್ಕೆ ಬರಬಹುದು. ಆದರೆ ವಕೀಲರನ್ನು ಕೇಳದೆ, ಸಹಿ ಹಾಕಿದ ತಂದೆ ತಾಯಿಗೆ ಏನಾಗುತ್ತದೆ ಅಂತ ನೋಡದೆ ಹೋಗಬೇಡಿ.

ಈ ಬೇಲಿ ಯಾಕೆ ಹಾಕಿದರು

ಕಾರಣ ತೀರಾ ಅಡ್ಡಾದಿಡ್ಡಿಯಲ್ಲ. ಮನೆ ಸಾಲ ಕಟ್ಟದಿದ್ದರೆ ಮನೆಯನ್ನು, ಗಾಡಿ ಸಾಲ ಕಟ್ಟದಿದ್ದರೆ ಗಾಡಿಯನ್ನು ಎತ್ತಿಕೊಂಡು ಹೋಗಬಹುದು. ತಲೆಯೊಳಗಿನ ವಿದ್ಯೆಯನ್ನು ಯಾರು ಜಪ್ತಿ ಮಾಡುತ್ತಾರೆ? ಡಿಗ್ರಿ ಕೈಗೆ ಬಂದ ಮರುದಿನ, ಆಸ್ತಿ ಏನೂ ಇಲ್ಲದ ಹೊತ್ತಿನಲ್ಲಿ, ಡಾಕ್ಟರು ಇಂಜಿನಿಯರುಗಳೆಲ್ಲ ದಿವಾಳಿ ಅರ್ಜಿ ಹಾಕಿ ಆಮೇಲೆ ಲಕ್ಷ ಲಕ್ಷ ದುಡಿದರೆ? ಈ ಭಯ ಎಲ್ಲ ದೇಶದ ಶಾಸಕರಿಗೂ ಇದೆ.

ಅಮೆರಿಕದಲ್ಲಿ ಶುರುವಾದದ್ದೂ ಇದೇ ಭಯದಿಂದ. 1976ರಲ್ಲಿ ಅಲ್ಲಿನ ಸಂಸತ್ತು ಸರ್ಕಾರಿ ಶಿಕ್ಷಣ ಸಾಲವನ್ನು ಮೊದಲ ಐದು ವರ್ಷ ದಿವಾಳಿಯಿಂದ ಹೊರಗಿಟ್ಟಿತು. ಐದು ವರ್ಷ ಕಷ್ಟಪಟ್ಟು ನೋಡು, ಆಮೇಲೂ ಆಗದಿದ್ದರೆ ಬಾ, ಅನ್ನುವ ನ್ಯಾಯ ಅದು. 1990ರಲ್ಲಿ ಐದು ಏಳಾಯಿತು. 1998ರಲ್ಲಿ ಕಾಲಮಿತಿಯನ್ನೇ ತೆಗೆದರು. 2005ರಲ್ಲಿ ಖಾಸಗಿ ಶಿಕ್ಷಣ ಸಾಲಗಳನ್ನೂ ಸೇರಿಸಿದರು. ಈಗ ಅಲ್ಲಿ ಸಾಲಗಾರ ಪ್ರತ್ಯೇಕ ದಾವೆ ಹೂಡಿ ತನ್ನ ಕಷ್ಟ ಸಾಮಾನ್ಯದ್ದಲ್ಲ, ಮಿತಿಮೀರಿದ್ದು ಅಂತ ಸಾಬೀತು ಮಾಡಬೇಕು. ಅದಕ್ಕೆ 1987ರ ಒಂದು ತೀರ್ಪು ಕಠಿಣ ಪರೀಕ್ಷೆ ಇಟ್ಟಿತ್ತು. 2022ರ ನವೆಂಬರಿನಲ್ಲಿ ಅಲ್ಲಿನ ನ್ಯಾಯ ಇಲಾಖೆ ತನ್ನ ವಕೀಲರಿಗೆ, ನಿಜವಾಗಿ ಕಷ್ಟದಲ್ಲಿರುವವರನ್ನು ಸುಮ್ಮನೆ ವಿರೋಧಿಸಬೇಡಿ ಅಂತ ಹೊಸ ಸೂಚನೆ ಕೊಟ್ಟಿತು. ಹುಡುಗ ನೋಡಿದ ವಿಡಿಯೊದ ಹಿಂದೆ ಇರುವುದು ಈ ಕಥೆ. ಅಮೆರಿಕದಲ್ಲೂ ಅದು ಬರಕೊಟ್ಟರೆ ಮುಗಿಯುವ ಕೆಲಸವಲ್ಲ.

ನಾವು ಅವರ ಕೊನೆಯ ಹೆಜ್ಜೆಯನ್ನು ಮಾತ್ರ ತಂದುಕೊಂಡೆವು. ಐದು ವರ್ಷದ ನ್ಯಾಯವೂ ಇಲ್ಲ, ಮಿತಿಮೀರಿದ ಕಷ್ಟ ಅಂತ ಹೇಳಿಕೊಳ್ಳುವ ಜಾಗವೂ ಇಲ್ಲ.

ಇದು ಯಾಕೆ ಅನ್ಯಾಯ ಅನ್ನಲು ತಳೇಗಾಂವವನ್ನೇ ನೋಡಿ. ಪುಣೆ ಲೋನಾವಳಾ ನಡುವಿನ ರೈಲು ದಾರಿಯ ಊರು, ಸುತ್ತ ಎಂಐಡಿಸಿ ಕಾರ್ಖಾನೆಗಳು. 2008ರಲ್ಲಿ ಜನರಲ್ ಮೋಟರ್ಸ್ ಇಲ್ಲಿ ಕಾರು ತಯಾರಿಸತೊಡಗಿತು. 2020ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಆ ಜಾಗವನ್ನು ಕೊಳ್ಳಲು ಹುಂಡೈ ಸಹಿ ಹಾಕಿದ್ದು 2023ರ ಆಗಸ್ಟಿನಲ್ಲಿ. 2022ರಲ್ಲಿ ಇಲ್ಲಿಗೆ ಬರುತ್ತದೆ ಅಂದಿದ್ದ ವೇದಾಂತ ಫಾಕ್ಸ್‌ಕಾನ್ ಚಿಪ್ ಕಾರ್ಖಾನೆ ಗುಜರಾತಿಗೆ ಅಂತ ಘೋಷಣೆಯಾಯಿತು. ಇಂಥ ಊರಿನಲ್ಲಿ ಕೆಲಸ ಸಿಗುವುದು ಬಿಡುವುದು ಹುಡುಗನ ಅಂಕಪಟ್ಟಿಯಿಂದ ಮಾತ್ರ ನಿರ್ಧಾರ ಆಗುವುದಿಲ್ಲ. ಕಂಪನಿ ಮುಳುಗಿದರೆ ಅದಕ್ಕೊಂದು ಕಾನೂನು, ಕಂಪನಿಗೆ ಜಾಮೀನು ನಿಂತ ಮಾಲೀಕನಿಗೂ ಒಂದು ಕಾನೂನು. ಆ ಕಂಪನಿಯ ಕೆಲಸ ನಂಬಿ ಓದಿದ ಹುಡುಗನ ಸಾಲವನ್ನು ಮಾತ್ರ ದಂಡದ ಹಣದ ಜೊತೆ ಕೂರಿಸಿದ್ದೇವೆ. ದಂಡ ಬೀಳುವುದು ತಪ್ಪು ಮಾಡಿದವನಿಗೆ. ಓದುವುದು ತಪ್ಪಲ್ಲವಲ್ಲ.

ಮೋಸಗಾರನನ್ನು ತಡೆಯಿರಿ, ಒಪ್ಪೋಣ. ಕೆಲವು ವರ್ಷ ಪ್ರಾಮಾಣಿಕವಾಗಿ ಕಟ್ಟಿ ನೋಡಿ ಸೋತವನಿಗೆ ನ್ಯಾಯಾಧೀಶರ ಮುಂದೆ ನಿಂತು ಹೇಳಿಕೊಳ್ಳುವ ಹಕ್ಕು ಇರಲಿ. ಕೇಳುವುದು ಇಷ್ಟೇ.

ಲೆಕ್ಕ ಹಾಕಿ ನೋಡೋಣ

ಸಾಲ ಹೇಗೆ ಬೆಳೆಯುತ್ತದೆ ಅಂತ ಗೊತ್ತಿಲ್ಲದೆ ಸಹಿ ಹಾಕುವವರೇ ಹೆಚ್ಚು. ಉದಾಹರಣೆಗೆ ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಆದರೆ ಸರಳ ಬಡ್ಡಿ ಓಡುತ್ತಿರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000. ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ಒಟ್ಟು 1,40,000. ಮೊದಲ ಕಂತು ಕಟ್ಟುವ ಮೊದಲೇ ಸಾಲ 5,40,000 ಆಗಿರುತ್ತದೆ.

ಅದನ್ನು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 7,100. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಸುಮಾರು 5,800. ಕಂತು ಇಳಿಯಿತು, ಆದರೆ ಒಟ್ಟು ಕಟ್ಟುವುದು ಸುಮಾರು ಎಂಟೂವರೆ ಲಕ್ಷದಿಂದ ಹತ್ತೂಕಾಲು ಲಕ್ಷ ದಾಟುತ್ತದೆ. ತಿಂಗಳಿಗೆ 16,000 ಸಂಬಳದ ಹುಡುಗ ರೂಮಿನ ಬಾಡಿಗೆ, ಊಟ ಕಳೆದು, ಮನೆಗೆ ನಾಲ್ಕು ಕಾಸು ಕಳಿಸಿ ಇದನ್ನು ಕಟ್ಟಬೇಕು.

ಇಲ್ಲೇ ಒಂದು ಮುಖ್ಯ ಮಾತು. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ಕೋರ್ಸು ಅರ್ಹವಾಗಿದ್ದರೆ, ಕಂತು ಶುರುವಾಗುವವರೆಗಿನ ಆ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009-10ರಿಂದ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಕೊಡಬೇಕು. ನಮ್ಮ ಹುಡುಗನ ಮನೆಯವರು ಕೊಟ್ಟಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಅವನ ಅಬ್ಬಾಗೂ ಗೊತ್ತಿರಲಿಲ್ಲ. ಒಂದು ಕಾಗದದಿಂದ ಒಂದು ಲಕ್ಷ ನಲವತ್ತು ಸಾವಿರ ಹೋಯಿತು. ನಿಮ್ಮ ಮನೆಯಲ್ಲಿ ಈಗ ಯಾರಾದರೂ ಓದುತ್ತಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಇದನ್ನು ಕೇಳಿ.

ತೆರೆದಿರುವ ಬಾಗಿಲುಗಳು

ದಿವಾಳಿಯ ಬಾಗಿಲು ಹೀಗಿದೆ ಅಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ಕೈಚೆಲ್ಲಬೇಡಿ. ಚಿಕ್ಕ ಬಾಗಿಲುಗಳು ಕೆಲವು ಇವೆ.

ಮೊದಲನೆಯದು, ಕಂತು ತಪ್ಪುವ ಮೊದಲೇ ಬರವಣಿಗೆಯಲ್ಲಿ ಅರ್ಜಿ. 90 ದಿನ ಬಾಕಿ ಉಳಿದರೆ ಸಾಲ ಕೆಟ್ಟ ಸಾಲದ ಪಟ್ಟಿಗೆ ಹೋಗುತ್ತದೆ, ಆಮೇಲೆ ಮ್ಯಾನೇಜರ ಕೈಯಲ್ಲಿರುವ ಅವಕಾಶ ಕಡಿಮೆಯಾಗುತ್ತದೆ. ಕೆಲಸವಿಲ್ಲದ ಅವಧಿಗೆ ಕಂತು ಮುಂದೂಡುವ ಮಾತು ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಇದೆ. ಕೆಲಸ ಹೋದ ಪತ್ರ ಲಗತ್ತಿಸಿ ಕಂತು ಮುಂದೂಡಲು ಅಥವಾ ಅವಧಿ ಹೆಚ್ಚಿಸಲು ಕೇಳಿ. ಬಾಯಿಮಾತಲ್ಲಿ ಕೇಳಿ ಬರಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳಿ.

ಎರಡನೆಯದು, ವಸೂಲಿಯವರ ಕಾಟ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸೂಚನೆಯ ಪ್ರಕಾರ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಬೆದರಿಸುವುದು, ನೆಂಟರ ಮುಂದೆ ಮಾನ ಕಳೆಯುವುದು ಯಾವ ಹೊತ್ತಿನಲ್ಲೂ ತಪ್ಪು. ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಮೂರನೆಯದು, ಜೈಲಿನ ಭಯ. ಸಾಲ ತೀರಿಸಲಾಗದ್ದು ಅಪರಾಧವಲ್ಲ. ಕೈಯಲ್ಲಿ ಹಣವಿದ್ದೂ ಕೆಟ್ಟ ಬುದ್ಧಿಯಿಂದ ಕೊಡದವನನ್ನು ಬಿಟ್ಟು, ಬಡತನದಿಂದ ಕೊಡಲಾಗದವನನ್ನು ಸಿವಿಲ್ ಜೈಲಿಗೆ ಹಾಕುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನು ಬಂಧಿಸುವಂತೆಯೇ ಇಲ್ಲ. ಡಿಕ್ರಿಯಾದರೂ ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ಅಂದರೆ 16,000ದಲ್ಲಿ 11,000 ನಿಮ್ಮದೇ. ಆದರೆ ಒಂದು ಎಚ್ಚರ: ಬ್ಯಾಂಕಿಗೆ ಕೊಟ್ಟ ಚೆಕ್ಕು ಬೌನ್ಸಾದರೆ ಅದು ಬೇರೆ ಕಾನೂನು, ಅಲ್ಲಿ ಶಿಕ್ಷೆ ಇದೆ. ಖಾತೆಯಲ್ಲಿ ಹಣ ಇರುವುದಿಲ್ಲ ಅಂತ ಗೊತ್ತಿದ್ದೂ ಚೆಕ್ಕು ಬರೆದುಕೊಡಬೇಡಿ.

ನಾಲ್ಕನೆಯದು, ರಾಜಿ ಮತ್ತು ಲೋಕ ಅದಾಲತ್. ಕೆಟ್ಟ ಸಾಲಗಳಲ್ಲಿ ಬ್ಯಾಂಕುಗಳು ಬಡ್ಡಿಯ ಒಂದು ಭಾಗ ಬಿಟ್ಟು ಒಂದೇ ಸಲಕ್ಕೆ ಇತ್ಯರ್ಥ ಮಾಡಿಕೊಳ್ಳುವುದುಂಟು. ಇದು ಹಕ್ಕಲ್ಲ, ಮಾತುಕತೆ. ಲೋಕ ಅದಾಲತ್‌ನಲ್ಲಿ ಇದು ನ್ಯಾಯಾಧೀಶರ ಎದುರು ನಡೆಯುತ್ತದೆ, ಶುಲ್ಕವಿಲ್ಲ. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲಾಗದ ಮೊತ್ತಕ್ಕೆ ಮುಲಾಜಿಗೆ ಒಪ್ಪಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಇದೆ. ರಾಜಿಯಾದರೆ ಬಾಕಿ ಇಲ್ಲ ಎಂಬ ಪತ್ರ ಕೈಗೆ ಬರುವವರೆಗೆ ಬಿಡಬೇಡಿ. ಸಿಬಿಲ್ ದಾಖಲೆಯಲ್ಲಿ ಇದು ಪೂರ್ತಿ ತೀರಿದ ಸಾಲ ಅಂತಲ್ಲ, ರಾಜಿಯಾದ ಸಾಲ ಅಂತಲೇ ಬರುತ್ತದೆ ಎಂಬುದೂ ತಿಳಿದಿರಲಿ.

ಎರಡು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಬಿಡುತ್ತೇನೆ. ಬ್ಯಾಂಕು ಸಾಲವನ್ನು 'ರೈಟ್ ಆಫ್' ಮಾಡಿತು ಅಂದರೆ ಮಾಫಿಯಲ್ಲ, ಅದು ಅವರ ಪುಸ್ತಕದ ಲೆಕ್ಕ, ವಸೂಲಿ ನಡೆಯುತ್ತಲೇ ಇರುತ್ತದೆ. ಹಾಗೆಯೇ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಶೇ. 75ರಷ್ಟು ಭರವಸೆ ಕೊಡುತ್ತದೆ. ಆ ಭರವಸೆ ಬ್ಯಾಂಕಿಗೆ, ನಿಮಗಲ್ಲ. ಸರ್ಕಾರ ಬ್ಯಾಂಕಿಗೆ ಕೊಟ್ಟಿತು ಅಂತ ನಿಮ್ಮ ಬಾಕಿ ಅಳಿಯುವುದಿಲ್ಲ.

ದೀನ್ ಏನು ಹೇಳುತ್ತದೆ

ನಮ್ಮ ಮನೆಗಳಲ್ಲಿ ಸಾಲದ ಭಯ ಬರೀ ಬ್ಯಾಂಕಿನದ್ದಲ್ಲ. ಸಾಲ ಹೊತ್ತು ಸತ್ತವರ ಜನಾಝಾ ಮುಂದೆ ಬಂದಾಗ ಪ್ರವಾದಿ(ಸ) ಮೊದಲು ಸಾಲದ ವಿಷಯ ಕೇಳುತ್ತಿದ್ದರು ಅಂತ ಮಕ್ಕಳಾಗಿದ್ದಾಗಲೇ ಕೇಳಿದ್ದೇವೆ. ಬಡ್ಡಿಯ ಸಾಲ ಅನ್ನುವ ಇನ್ನೊಂದು ಮುಳ್ಳು ಬೇರೆ. ಹಾಗಾಗಿ ಮಗ ಅಬ್ಬಾನ ಹತ್ತಿರ ಹೇಳುವುದಿಲ್ಲ, ಅಬ್ಬಾ ಮಸೀದಿಯ ಕಮಿಟಿಯ ಹತ್ತಿರ ಹೇಳುವುದಿಲ್ಲ.

ಆದರೆ ಅದೇ ದೀನ್ ಸಾಲ ಕೊಟ್ಟವನಿಗೂ ಮಾತು ಹೇಳಿದೆ. ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 280ನೇ ಸೂಕ್ತದ ತಾತ್ಪರ್ಯವೆಂದರೆ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಘಟನೆ ಬರುತ್ತದೆ. ಹಣ್ಣಿನ ವ್ಯಾಪಾರದಲ್ಲಿ ನಷ್ಟವಾಗಿ ಸಾಲದಲ್ಲಿ ಮುಳುಗಿದ ಒಬ್ಬನಿಗೆ ಪ್ರವಾದಿ(ಸ) ಜನರಿಂದ ಸದಕಾ ಕೊಡಿಸಿದರು. ಅದೂ ಸಾಲಕ್ಕೆ ಸಾಲಲಿಲ್ಲ. ಆಗ ಸಾಲ ಕೊಟ್ಟವರಿಗೆ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿಗೆ ನಿಮಗಿಲ್ಲ ಎಂದರು. ಇವತ್ತಿನ ದಿವಾಳಿ ಕಾನೂನಿನ ತಿರುಳು ಇದರಲ್ಲಿದೆ: ಇರುವುದನ್ನು ಹಂಚಿಕೊಳ್ಳಿ, ಮನುಷ್ಯನನ್ನು ಬಿಡಿ.

ಆದರೆ ನಾವು ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಳ್ಳಬಾರದು. ಕೋರ್ಟು ಬಿಡುಗಡೆ ಮಾಡಿದರೂ ಉಳಿದ ಅಸಲು, ಸಾಲ ಕೊಟ್ಟವರು ಮನಸಾರೆ ಬಿಡುವವರೆಗೆ, ಹೊಣೆಯಾಗಿ ಉಳಿಯುತ್ತದೆ ಅನ್ನುವುದು ಫಿಕ್ಹ್‌ನ ಸಾಮಾನ್ಯ ನಿಲುವು. ಮುಂದೆ ಅನುಕೂಲವಾದಾಗ ಕೊಡುವ ನಿಯ್ಯತ್ ಇರಬೇಕು. ಎರಡನೇ ಅವಕಾಶ ಅನ್ನುವುದು ಓಡಿಹೋಗುವ ದಾರಿಯಲ್ಲ. ನಿಂತು ಉಸಿರು ತೆಗೆದುಕೊಂಡು ಮತ್ತೆ ನಡೆಯುವ ದಾರಿ.

ಇನ್ನೊಂದು ಮಾತು ನಮ್ಮ ಜಮಾತಿಗೆ. ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್ ಸಲ್ಲಬೇಕಾದ ಎಂಟು ವರ್ಗಗಳಿವೆ. ಅವುಗಳಲ್ಲಿ ಒಂದು ಗಾರಿಮೀನ್, ಸಾಲದಲ್ಲಿ ಸಿಕ್ಕಿಕೊಂಡವರು. ರಮಝಾನಿನಲ್ಲಿ ನಾವು ವಿಧವೆಯರನ್ನು ನೆನೆಯುತ್ತೇವೆ, ಅನಾಥರನ್ನು ನೆನೆಯುತ್ತೇವೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ನಿಂತ ಇಂಜಿನಿಯರ್ ಹುಡುಗ ಗಾರಿಮೀನ್ ಆಗಿರಬಹುದು ಅಂತ ನಮಗೆ ಹೊಳೆಯುವುದೇ ಇಲ್ಲ. ಬಡ್ಡಿಯ ಭಾಗಕ್ಕೆ ಝಕಾತ್ ಹಣ ಬಳಸಬಹುದೇ, ಯಾರು ಅರ್ಹರು, ಇವನ್ನು ಮುಫ್ತಿಗಳ ಹತ್ತಿರ ಕೇಳಿ ತೀರ್ಮಾನಿಸಲಿ. ಆದರೆ ಪ್ರಶ್ನೆಯನ್ನು ಕಮಿಟಿಯ ಮುಂದೆ ಇಡುವ ಕೆಲಸ ನಮ್ಮದು.

ತಳೇಗಾಂವಕ್ಕೆ ಇದರ ಪಾಠ ಹೊಸದೇನಲ್ಲ. 1908ರಲ್ಲಿ ಇಲ್ಲಿ ಒಂದು ಗಾಜಿನ ಕಾರ್ಖಾನೆ ಶುರುವಾಯಿತು, ಹೆಸರು ಪೈಸಾ ಫಂಡ್ ಗ್ಲಾಸ್ ವರ್ಕ್ಸ್. ಅಂತಾಜಿ ದಾಮೋದರ ಕಾಳೆ ಎಂಬವರು ದೇಶದ ಉದ್ಯಮಕ್ಕಾಗಿ ಮನೆಮನೆಯಿಂದ ಒಂದೊಂದು ಪೈಸೆ ಕೂಡಿಸುವ ನಿಧಿ ಶುರುಮಾಡಿದ್ದರು, ಲೋಕಮಾನ್ಯ ಟಿಳಕರು ಬೆಂಬಲ ಕೊಟ್ಟರು. ಆ ಹಣದಿಂದ ನಡೆದ ಕಾರ್ಖಾನೆಯಲ್ಲಿ ಹುಡುಗರು ಗಾಜಿನ ಕೆಲಸ ಕಲಿತರು. ಕಲಿಯುವವನ ಹೆಗಲ ಮೇಲೆ ಸಾಲ ಹೊರಿಸುವ ಬದಲು ಊರವರು ಪೈಸೆ ಪೈಸೆ ಹಂಚಿಕೊಂಡು ಹೊತ್ತಿದ್ದರು. ನೂರು ಮನೆಯ ಒಂದು ಮಹಲ್ಲಾ ತಿಂಗಳಿಗೆ ಮನೆಗೆ ಐವತ್ತು ರೂಪಾಯಿ ಕೂಡಿಸಿದರೆ ಐದು ಸಾವಿರ. ಕೆಲಸ ಕಳೆದುಕೊಂಡ ಒಬ್ಬ ಹುಡುಗನ ಕಂತನ್ನು ಅವನಿಗೆ ಕೆಲಸ ಸಿಗುವವರೆಗೆ ಹೆಚ್ಚುಕಡಿಮೆ ತೂಗಿಸಬಹುದು.

ಹುಡುಗನಿಗೆ ನಾನು ಮತ್ತೆ ಫೋನು ಮಾಡಿದೆ. ದಿವಾಳಿಯ ಕಥೆ ಪೂರ್ತಿ ಹೇಳಿದೆ. "ಅಂದ್ರ ಆಗೂದಿಲ್ಲ" ಅಂದ. "ಆ ದಾರಿ ಈಗ ನಿನಗಲ್ಲ ಬೇಟಾ, ಬೇರೆ ದಾರಿ ಇದೆ, ಮೊದಲು ಅಬ್ಬಾನ ಹತ್ತಿರ ಮಾತಾಡು" ಅಂದೆ. ಎರಡು ವಾರದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕಂತು ಮುಂದೂಡಲು ಕೇಳಿದ ಅರ್ಜಿ, ಮೂಲೆಯಲ್ಲಿ ಬ್ಯಾಂಕಿನ ನೀಲಿ ಸೀಲು, ಅದರ ಕೆಳಗೆ ಎರಡು ಸಹಿ. ಒಂದು ಅವನದು. ಇನ್ನೊಂದು ಉರ್ದುವಿನಲ್ಲಿ, ಅವನ ಅಬ್ಬಾನದು.